ಮರಗಪ್ಪೆಯ ಪೊರೆ ಎಲ್ಲಿಗೆ ಹೋಗುತ್ತದೆ?

ಹಾವು ಪೊರೆ ಬಿಡುವುದು ನಿಮಗೆ ಗೊತ್ತು. ಬೇಲಿಯ ಬುಡದಲ್ಲೋ ಕಲ್ಲಿನ ಸಂದಿಯಲ್ಲೋ ಸಿಕ್ಕಿದ ಹಾವಿನ ಪೊರೆಯನ್ನು ತರಗತಿಗೆ ತಂದ ವಿದ್ಯಾರ್ಥಿಗಳೂ ಇದ್ದಾರು. ಆದರೆ ಕಪ್ಪೆಯ ಪೊರೆಯನ್ನು ನೋಡಿದ್ದೀರಾ? ಬಹುಮಟ್ಟಿಗೆ ಇಲ್ಲ. ಕಪ್ಪೆ ಪೊರೆ ಬಿಡುವುದಿಲ್ಲವೆಂದಲ್ಲ. ಹಾವಿಗಿಂತ ಎಷ್ಟೋ ಹೆಚ್ಚು ಸಲ ಬಿಡುತ್ತದೆ. ಬಿಟ್ಟ ಪೊರೆಯನ್ನು ತಾನೇ ತಿಂದುಬಿಡುತ್ತದೆ!

ಅಮೆರಿಕ, ಯೂರೋಪುಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮರಗಪ್ಪೆಗಳನ್ನು ಸಾಕುವ ಹವ್ಯಾಸ ಸಾಕಷ್ಟು ಹಬ್ಬಿದೆ. ಹಾಗೆ ಸಾಕುವ ಕಪ್ಪೆಗಳಲ್ಲಿ ಆಸ್ಟ್ರೇಲಿಯದ ಹಸಿರು ಮರಗಪ್ಪೆ ಬಹಳ ಹೆಸರಾದದ್ದು. ಇದನ್ನು 1790ರಲ್ಲಿ ಮೊದಲು ವರ್ಣಿಸಿದವನು ಜಾನ್ ವೈಟ್ ಎಂಬ ಶಸ್ತ್ರವೈದ್ಯ. ಸಾಕುವವರನ್ನು ಈ ಕಪ್ಪೆ ಎರಡು ರೀತಿಯಲ್ಲಿ ಗಾಬರಿಗೊಳಿಸುತ್ತದೆ. ಒಂದು ರಾತ್ರಿ ಅದು ಬೆನ್ನು ಬಾಗಿಸಿ, ಕಣ್ಣು ಮುಚ್ಚಿ, ಮತ್ತೆ ಮತ್ತೆ ಬಾಯಿ ಕಳೆಯುತ್ತ, ಕಾಲುಗಳಿಂದ ಮೈ ಉಜ್ಜಿಕೊಳ್ಳುತ್ತದೆ. ನೋಡಿದವರಿಗೆ ಅದು ಸಂಕಟಪಡುವಂತೆ ತೋರುತ್ತದೆ. ಇನ್ನೊಂದು ದಿನ, ಕೊಂಬೆಯ ಮೇಲೆ ಇರಬೇಕಾದದ್ದು ಪೆಟ್ಟಿಗೆಯ ತಳದ ತೆಂಗಿನ ನಾರಿನ ಪುಡಿಯಲ್ಲಿ ಕಣ್ಣುಮಟ್ಟ ಹುದುಗಿ ಕೂತಿರುತ್ತದೆ. ಮೊದಲನೆಯದಕ್ಕೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಎರಡನೆಯದನ್ನು ಸ್ವಲ್ಪ ಯೋಚಿಸಿ ನೋಡಬೇಕು.

ಕಪ್ಪೆಯ ಚರ್ಮ ಬರಿಯ ಹೊದಿಕೆಯಲ್ಲ. ಅದು ನೀರನ್ನು ಬಾಯಿಂದ ಕುಡಿಯುವುದಿಲ್ಲ, ಚರ್ಮದ ಮೂಲಕವೇ ಹೀರಿಕೊಳ್ಳುತ್ತದೆ. ಉಸಿರಾಟದ ಒಂದು ಪಾಲೂ, ಲವಣಗಳ ವಿನಿಮಯವೂ ಅಲ್ಲಿಯೇ. ಇಷ್ಟು ಕೆಲಸ ಮಾಡುವ ಚರ್ಮದ ತೀರ ಹೊರಗಿನ ಕೆರಾಟಿನ್ ಪದರದ ದಪ್ಪ ಒಂದೆರಡು ಜೀವಕೋಶಗಳಷ್ಟೇ. ಅದರ ಕೆಳಗೆ ಹೊಸ ಪದರ ಸಿದ್ಧವಾಗುತ್ತದೆ; ನಡುವೆ ಲೋಳೆ ಸೇರಿ ಹಳೆಯದು ಸಡಿಲವಾಗುತ್ತದೆ. ಸಾಮಾನ್ಯವಾಗಿ ಬೆನ್ನಿನ ನಡುವೆ ಬಿರುಕು ಬಿಡುವ ಪೊರೆಯನ್ನು ಕಪ್ಪೆ ಕಾಲುಗಳಿಂದ ಬಾಯಿಯ ಕಡೆಗೆ ತಳ್ಳಿ, ಒದ್ದೆ ಬನಿಯನ್ ಕಳಚುವಂತೆ ಎಳೆದೆಳೆದು ನುಂಗುತ್ತದೆ. ಬಾಯಿ ಕಳೆಯುವುದು ಇದಕ್ಕಾಗಿ. ಇದು ಹಾರ್ಮೋನುಗಳ ಹಿಡಿತದಲ್ಲಿರುವ ಕ್ರಿಯೆ. ಕೆಲವು ದಿನಗಳಿಗೊಮ್ಮೆ, ಕೆಲವು ಕಪ್ಪೆಗಳಲ್ಲಿ ಒಂದೆರಡು ವಾರಕ್ಕೊಮ್ಮೆ ನಡೆಯುತ್ತದೆ. ವಾತಾವರಣ ಬೆಚ್ಚಗಿದ್ದರೆ ಅಂತರ ಕಡಿಮೆಯಾಗುತ್ತದೆ.

ಬೆಳೆಯುವುದಕ್ಕೆ ಮೈ ಸಾಲದೆ ಪೊರೆ ಬಿಡುತ್ತದೆ ಎನ್ನುವಂತಿಲ್ಲ, ಪೂರ್ಣ ಬೆಳೆದ ಕಪ್ಪೆಯೂ ಬಿಡುತ್ತದೆ. ಹಾಗಾದರೆ ಲಾಭವೇನು? ಸವೆದ ಪದರ ಹೋಗುತ್ತದೆ ಎನ್ನುವುದು ಒಂದು. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಇದೇ ಹಸಿರು ಮರಗಪ್ಪೆಯ ಮೇಲೆ ಮಾಡಿದ ಅಧ್ಯಯನಗಳಿಂದ ಇನ್ನೊಂದೂ ತಿಳಿದಿದೆ: ಪೊರೆಯೊಡನೆ ಮೈಮೇಲಿನ ಸೂಕ್ಷ್ಮಜೀವಿಗಳ ಸಂಖ್ಯೆಯೂ ಇಳಿಯುತ್ತದೆ.

ಈಗ ಮಣ್ಣಿನ ವಿಚಾರ. ಮರಗಪ್ಪೆಯ ಬೆರಳ ತುದಿಗಳಲ್ಲಿ ಅಂಟುವ ಬಿಲ್ಲೆಗಳಿವೆ. ನೆಲ ತೋಡುವ ಸಲಕರಣೆ ಇಲ್ಲ. ಹೋಲಿಕೆಗೆ ನಮ್ಮಲ್ಲಿಯ ಸ್ಫೀರೋಥೀಕ ಜಾತಿಯ ಕಪ್ಪೆಗಳನ್ನು ನೋಡಿ. (ಬೆಂಗಳೂರಿನ ಹೊರವಲಯದಲ್ಲೇ ಸಿಕ್ಕಿ, 2020ರಲ್ಲಿ ಆ ಊರಿನ ಹೆಸರನ್ನೇ ಪಡೆದ ಪ್ರಭೇದವೂ ಅವುಗಳಲ್ಲಿದೆ.) ಅವುಗಳ ಹಿಂಗಾಲಿನ ಪಾದದಡಿ ಸಲಿಕೆಯಂಥ ಗಡುಸಾದ ಉಬ್ಬಿದೆ, ಹಿಮ್ಮುಖವಾಗಿ ಮಣ್ಣು ತಳ್ಳುತ್ತ ಕೆಳಗಿಳಿಯುತ್ತವೆ. ಹಸಿರು ಮರಗಪ್ಪೆ ಕಾಡಿನಲ್ಲಿ ಒಣ ತಿಂಗಳುಗಳನ್ನು ಕಳೆಯುವುದು ಮರದ ಪೊಟರೆಯಲ್ಲಿ. ಅಲ್ಲೊಂದು ಸ್ವಾರಸ್ಯವಿದೆ. ರಾತ್ರಿಯ ತಂಪಿನಲ್ಲಿ ಹೊರಗೆ ಕೂತು ಮೈ ತಣ್ಣಗಾದ ಕಪ್ಪೆ ಬೆಚ್ಚನೆಯ, ತೇವಭರಿತ ಪೊಟರೆಗೆ ಮರಳಿದಾಗ, ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೇಲೆ ಹನಿ ಕೂರುವಂತೆ ಅದರ ಮೈಮೇಲೆ ನೀರು ಸಾಂದ್ರೀಕರಿಸುತ್ತದೆ! ಆ ನೀರನ್ನು ಚರ್ಮ ಹೀರಿಕೊಳ್ಳುತ್ತದೆ. ಉತ್ತರ ಆಸ್ಟ್ರೇಲಿಯದಲ್ಲಿ ಅಳೆದು ನೋಡಿದ ಈ ಸಂಗತಿ 2011ರಲ್ಲಿ ಪ್ರಕಟವಾಯಿತು.

ಇಂಥ ಪ್ರಾಣಿ ಪೆಟ್ಟಿಗೆಯಲ್ಲಿ ಮತ್ತೆ ಮತ್ತೆ ನಾರಿನ ಪುಡಿಗೆ ಇಳಿಯುತ್ತಿದ್ದರೆ, ಮೇಲೆ ಅದಕ್ಕೆ ಬೇಕಾದ ತೇವವೋ ತಂಪೋ ಮರೆಯೋ ಸಿಕ್ಕುತ್ತಿಲ್ಲವೆಂದು ಶಂಕಿಸಬೇಕು. ದೀಪದ ಶಾಖ ಹೆಚ್ಚಾಗಿರಬಹುದು (ಹಗಲಲ್ಲಿ ಸುಮಾರು 24ರಿಂದ 28 ಡಿಗ್ರಿ ಸೆಲ್ಸಿಯಸ್ ಸಾಕು). ಎಲೆ, ತೊಗಟೆಗಳ ಆಸರೆ ಇಲ್ಲದಿರಬಹುದು. ಹೊಸ ಜಾಗದ ಅಂಜಿಕೆಯೂ ಇರಬಹುದು. ಒಂದು ರಾತ್ರಿಯ ಮಾತಾದರೆ ಚಿಂತೆಯಿಲ್ಲ. ದಿನವೂ ನಡೆದರೆ, ಅಗೆದು ಹೊರತೆಗೆಯುವ ಬದಲು ತಾಪಮಾಪಕವನ್ನೂ ಆರ್ದ್ರತಾಮಾಪಕವನ್ನೂ ನೋಡುವುದು ಜಾಣತನ.

ಪೊರೆಗೂ ಮಣ್ಣಿಗೂ ನೇರ ನಂಟಿರುವ ಕಪ್ಪೆಗಳೂ ಇವೆ. ಹಸಿರು ಮರಗಪ್ಪೆಯ ಕುಟುಂಬಕ್ಕೇ ಸೇರಿದ, ಆಸ್ಟ್ರೇಲಿಯದ ಒಣನಾಡಿನ ‘ನೀರು ಹಿಡಿಯುವ ಕಪ್ಪೆ’ ನೆಲದಾಳಕ್ಕಿಳಿದು ಗ್ರೀಷ್ಮನಿದ್ರೆಗೆ ತೊಡಗುತ್ತದೆ. ಅಲ್ಲಿ ಅದು ಪೊರೆ ಬಿಡುತ್ತಲೇ ಇರುತ್ತದೆ, ಆದರೆ ತಿನ್ನುವುದಿಲ್ಲ. ಪದರದ ಮೇಲೆ ಪದರ ಸೇರಿ ಮೂಗಿನ ಹೊಳ್ಳೆಗಳನ್ನು ಬಿಟ್ಟು ಮೈಯನ್ನೆಲ್ಲ ಮುಚ್ಚುವ ಕೋಶವಾಗುತ್ತದೆ. ನೀರು ಆವಿಯಾಗದಂತೆ ತಡೆಯುತ್ತದೆ. ಮಳೆ ಬಂದಾಗ ಕಪ್ಪೆ ಅದನ್ನು ಹರಿದುಕೊಂಡು ಹೊರಬರುತ್ತದೆ.

ಪೊರೆಯ ಮೂರನೆಯ ಗತಿ ಕೆಟ್ಟದ್ದು. ಪೆಟ್ಟಿಗೆಯ ತಳದಲ್ಲಿ, ನೀರಿನ ತಟ್ಟೆಯಲ್ಲಿ ತಿನ್ನದೆ ಬಿಟ್ಟ ಪೊರೆಯ ಚೂರುಗಳು ಪದೇ ಪದೇ ಕಂಡರೆ, ಕಪ್ಪೆ ಮಂಕಾಗಿ ಹಗಲಲ್ಲೂ ಕಾಲು ಚಾಚಿ ಬಯಲಲ್ಲಿ ಕೂತರೆ, ಕೈಟ್ರಿಡ್ ಶಿಲೀಂಧ್ರದ ಸೋಂಕನ್ನು ಅನುಮಾನಿಸಬೇಕು. ವಾಷಿಂಗ್ಟನ್ನಿನ ಪ್ರಾಣಿ ಸಂಗ್ರಹಾಲಯದ ಕಪ್ಪೆಯೊಂದರಿಂದ ಬೇರ್ಪಡಿಸಿ 1999ರಲ್ಲಿ ಹೆಸರಿಟ್ಟ ಈ ಶಿಲೀಂಧ್ರ ಬೆಳೆಯುವುದು ಅದೇ ಹೊರಪದರದ ಕೆರಾಟಿನ್ ಕೋಶಗಳಲ್ಲಿ. ಸೋಂಕಿದ ಹಸಿರು ಮರಗಪ್ಪೆ ಹೆಚ್ಚು ಸಲ ಪೊರೆ ಬಿಡುತ್ತದೆ. ಆದರೂ ರೋಗ ಕಳಚಿ ಹೋಗುವುದಿಲ್ಲ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಾವಿನ ಕಾರಣವನ್ನು ಬಿಡಿಸಿ ತೋರಿಸಿತು: ಚರ್ಮದ ಮೂಲಕ ಲವಣ ಸಾಗಣೆ ಅರ್ಧಕ್ಕಿಂತ ಹೆಚ್ಚು ಕುಗ್ಗುತ್ತದೆ, ರಕ್ತರಸದ ಸೋಡಿಯಮ್ ಸುಮಾರು ಶೇಕಡ 20, ಪೊಟ್ಯಾಸಿಯಮ್ ಸುಮಾರು ಶೇಕಡ 50 ಇಳಿಯುತ್ತದೆ, ಕೊನೆಗೆ ಹೃದಯ ನಿಲ್ಲುತ್ತದೆ. ಬೇಗ ತಿಳಿದರೆ ಶಿಲೀಂಧ್ರನಾಶಕದ ಸ್ನಾನದಿಂದ ಪಶುವೈದ್ಯರು ಗುಣಪಡಿಸಬಲ್ಲರು. ಅಂಥ ಪೆಟ್ಟಿಗೆಯ ನೀರನ್ನು ಸೋಂಕು ತೊಡೆಯದೆ ಚರಂಡಿಗೆ ಚೆಲ್ಲಬಾರದು. ಬೇಡವಾದ ಕಪ್ಪೆಯನ್ನು ಕೆರೆಗೆ ಬಿಡುವುದಂತೂ ಕೂಡದು.

ಕಪ್ಪೆ ಸಾಕದೆಯೂ ನೀವು ಗಮನಿಸಬಹುದಾದ ಒಂದು ಸಂಗತಿಯಿದೆ. ನಮ್ಮ ಬಚ್ಚಲುಮನೆಗಳ ಗೋಡೆಗೆ ಅಂಟಿಕೊಂಡಿರುವ ಕಂದು ಬಣ್ಣದ ಮರಗಪ್ಪೆ, ಪಾಲಿಪೆಡೇಟಿಸ್ ಮ್ಯಾಕುಲೇಟಸ್, ಕೆಲವೊಮ್ಮೆ ಕೈಕಾಲುಗಳಿಂದ ಮೈಯೆಲ್ಲ ಸವರಿಕೊಳ್ಳುತ್ತದೆ. ಇದು ಪೊರೆ ಬಿಡುವುದಲ್ಲ. ಚರ್ಮದ ಗ್ರಂಥಿಗಳು ಸ್ರವಿಸಿದ ಜಿಡ್ಡುಮಿಶ್ರಿತ ಲೋಳೆಯನ್ನು ಹರಡಿ ನೀರಿನ ನಷ್ಟವನ್ನು ತಗ್ಗಿಸಿಕೊಳ್ಳುವ ಉಪಾಯ. ಹಾಗಾದರೆ ಇವೆರಡನ್ನೂ ಬೇರ್ಪಡಿಸುವುದು ಹೇಗೆ? ಬಾಯನ್ನು ನೋಡಿ. ಪೊರೆ ಬಿಡುವಾಗ ಬಾಯಿ ಮತ್ತೆ ಮತ್ತೆ ತೆರೆದು ಮುಚ್ಚುತ್ತದೆ. ಬರಿಯ ಸವರಿಕೆಯಾದರೆ ಬಾಯಿ ಸುಮ್ಮನಿರುತ್ತದೆ. ಕೆಲಸ ಮುಗಿದ ಮೇಲೆ ಕಪ್ಪೆ ಕೈಕಾಲು ಮಡಿಸಿಕೊಂಡು ಅಲುಗಾಡದೆ ಕೂರುತ್ತದೆ.