ಜೇನ್ ಏರ್ ಮೆಚ್ಚಿದವರಿಗೆ ಒಂದು ಕನ್ನಡದ ಕಿವಿಮಾತು



ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಹುಟ್ಟಿ ಬೆಳೆದ ನಿಮಗೆ ಮನೆಯಲ್ಲಿ ಕನ್ನಡ ಅಥವಾ ತುಳು, ಬಿಲ್ಡಿಂಗಿನಲ್ಲಿ ಮರಾಠಿ, ಲೋಕಲ್ ಗಾಡಿಯಲ್ಲಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷು. ಕಥೆ, ಕಾದಂಬರಿ, ಧಾರಾವಾಹಿ ಎಂದಾಗ ನಿಮ್ಮ ಕೈ ಮೊದಲು ಇಂಗ್ಲಿಷಿನತ್ತ ಚಾಚುವುದು ಸಹಜ. ಅದಕ್ಕಾಗಿ ನಿಮ್ಮನ್ನು ಗದರಿಸುವ ಉದ್ದೇಶ ಈ ಲೇಖನಕ್ಕಿಲ್ಲ. ಇಲ್ಲಿ ಹೇಳಹೊರಟಿರುವುದೂ ಒಂದು ಇಂಗ್ಲಿಷ್ ಧಾರಾವಾಹಿಯ ವಿಷಯವನ್ನೇ. ಆದರೆ ಅದರ ಕೊಂಡಿಯೊಂದು ನಿಮ್ಮ ಅಮ್ಮ, ಅಜ್ಜಿಯರು ಮೆಚ್ಚಿದ ಕನ್ನಡ ಚಿತ್ರಗಳಿಗೂ ಕಾದಂಬರಿಗಳಿಗೂ ಸೇರುತ್ತದೆ. ಆ ಕೊಂಡಿಯನ್ನು ತೋರಿಸಬೇಕೆಂಬುದೇ ಆಸೆ.

ಧಾರಾವಾಹಿಯ ಹೆಸರು 'ಜೇನ್ ಏರ್'. ಬ್ರಿಟನ್ನಿನ ಬಿ.ಬಿ.ಸಿ. ಇದನ್ನು 1983ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ 11 ಕಂತುಗಳಲ್ಲಿ ಪ್ರಸಾರ ಮಾಡಿತು. ನಿರ್ದೇಶಕ ಜೂಲಿಯನ್ ಅಮೀಸ್, ಚಿತ್ರಕಥೆ ಅಲೆಕ್ಸಾಂಡರ್ ಬ್ಯಾರನ್ ಅವರದು. ಜೇನ್ ಆಗಿ ಜೀಲಾ ಕ್ಲಾರ್ಕ್, ರೋಚೆಸ್ಟರ್ ಆಗಿ ಟಿಮೊಥಿ ಡಾಲ್ಟನ್ ನಟಿಸಿದರು. ಈ ಡಾಲ್ಟನ್ನೇ ಮುಂದೆ 1987 ಮತ್ತು 1989ರಲ್ಲಿ ಜೇಮ್ಸ್ ಬಾಂಡ್ ಆದವರು. ಆಗ ನಮ್ಮ ದೇಶದಲ್ಲಿದ್ದುದು ದೂರದರ್ಶನ ಒಂದೇ. 'ಹಮ್ ಲೋಗ್' ಕೂಡ ಶುರುವಾಗಿರಲಿಲ್ಲ, ಅದು ಬಂದದ್ದು 1984ರಲ್ಲಿ. ನಲವತ್ತು ವರ್ಷ ಕಳೆದರೂ ಜೇನ್ ಏರ್ ಕಥೆಯ ತೆರೆಯ ರೂಪಗಳಲ್ಲಿ ಇದೇ ಮೇಲು ಎಂದು ವಾದಿಸುವ ಅಭಿಮಾನಿಗಳು ಲೋಕದ ಎಲ್ಲೆಡೆ ಇದ್ದಾರೆ.

ಮೊದಲು ಕಥೆ

ಶಾರ್ಲೆಟ್ ಬ್ರಾಂಟೆ ಈ ಕಾದಂಬರಿಯನ್ನು 1847ರಲ್ಲಿ 'ಕರರ್ ಬೆಲ್' ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಹೆಂಗಸು ಬರೆದದ್ದೆಂದು ತಿಳಿದರೆ ವಿಮರ್ಶಕರು ಬೇರೆಯೇ ತಕ್ಕಡಿಯಲ್ಲಿ ತೂಗಿಯಾರೆಂಬ ಅಂಜಿಕೆ. ಆಕೆ ಯಾರ್ಕ್‌ಷೈರಿನ ಹಾವರ್ತ್ ಎಂಬ ಊರಿನ ಪಾದ್ರಿಯ ಮಗಳು. ಸ್ವತಃ ಸಿರಿವಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ ಮಾಡಿದವರು.

ಜೇನ್ ತಬ್ಬಲಿ. ಸೋದರಮಾವನ ಮನೆಯಲ್ಲಿ ಅತ್ತೆಯ ತಿರಸ್ಕಾರ, ಮುಂದೆ ಲೋವುಡ್ ಎಂಬ ಧರ್ಮಶಾಲೆಯಲ್ಲಿ ಹಸಿವು ಮತ್ತು ಚಳಿ. ಅಲ್ಲಿಯೇ ಓದಿ, ಅಲ್ಲಿಯೇ ಉಪಾಧ್ಯಾಯಿನಿಯಾಗಿ, ಹದಿನೆಂಟರ ಹರೆಯದಲ್ಲಿ ಥಾರ್ನ್‌ಫೀಲ್ಡ್ ಎಂಬ ದೊಡ್ಡ ಬಂಗಲೆಗೆ ಪಾಠ ಹೇಳಲು ಬರುತ್ತಾಳೆ. ಸಂಬಳ ವರ್ಷಕ್ಕೆ 30 ಪೌಂಡು, ಹಿಂದಿನದಕ್ಕಿಂತ ಎರಡು ಪಟ್ಟು. ಬಂಗಲೆಯ ಯಜಮಾನ ರೋಚೆಸ್ಟರ್ ಮುಂಗೋಪಿ, ಮಾತಿನಲ್ಲಿ ಚುರುಕು. ರಾತ್ರಿಹೊತ್ತು ಮಹಡಿಯ ಮೇಲಿಂದ ವಿಚಿತ್ರವಾದ ನಗು. ಒಂದು ರಾತ್ರಿ ಯಜಮಾನನ ಹಾಸಿಗೆಗೆ ಬೆಂಕಿ ಬೀಳುತ್ತದೆ, ಜೇನ್ ಅವನನ್ನು ಉಳಿಸುತ್ತಾಳೆ. ಇಬ್ಬರಲ್ಲೂ ಪ್ರೀತಿ ಮೂಡುತ್ತದೆ. ಮದುವೆಯ ದಿನ ಇಗರ್ಜಿಯಲ್ಲಿ ನಿಂತಿರುವಾಗ ಸತ್ಯ ಹೊರಬೀಳುತ್ತದೆ: ರೋಚೆಸ್ಟರನಿಗೆ ಆಗಲೇ ಹೆಂಡತಿ ಇದ್ದಾಳೆ. ಆಕೆಗೆ ಬುದ್ಧಿಭ್ರಮಣೆ, ಮಹಡಿಯ ಕೋಣೆಯಲ್ಲಿ ಬೀಗ ಹಾಕಿ ಇಟ್ಟಿದ್ದಾರೆ.

ಹಳೆಯ ಬಂಗಲೆ, ಬೀಗದ ಕೋಣೆ, ಒಳಗೆ ಒಬ್ಬ ಹೆಂಗಸು. 'ಭೂಲ್ ಭುಲೈಯ್ಯಾ' (2007) ನೋಡಿದ ನಿಮಗೆ, ಅದಕ್ಕೂ ಮೊದಲು ಕನ್ನಡದ 'ಆಪ್ತಮಿತ್ರ' (2004) ನೋಡಿದ ನಿಮ್ಮ ಮನೆಯವರಿಗೆ, ಈ ಸಾಮಗ್ರಿ ಹೊಸದಲ್ಲ. ಇಂಗ್ಲಿಷಿನಲ್ಲಿ ಇಂಥ ಕಥೆಗಳನ್ನು ಗೋಥಿಕ್ ಎನ್ನುತ್ತಾರೆ.

ಮೆಚ್ಚುಗೆ ಯಾಕೆ?

ಜೇನ್ ಏರ್ ತೆರೆಗೆ ಹತ್ತಾರು ಬಾರಿ ಬಂದಿದೆ. 1943ರಲ್ಲಿ ತಯಾರಾದ ಆರ್ಸನ್ ವೆಲ್ಸ್, ಜೋನ್ ಫಾಂಟೇನ್ ಚಿತ್ರ ಇದೆ, 2006ರಲ್ಲಿ ಬಿ.ಬಿ.ಸಿ.ಯೇ ಮಾಡಿದ ನಾಲ್ಕು ಕಂತಿನ ಧಾರಾವಾಹಿ ಇದೆ. 2011ರ ಸಿನಿಮಾ ಇದೆ. ಇವುಗಳಲ್ಲಿ ಕೆಲವಕ್ಕೆ 1983ರದಕ್ಕಿಂತ ಚೆಂದದ ಬೆಳಕು, ಚೆಂದದ ಬೆಟ್ಟಬಯಲುಗಳಿವೆ. ಇದು ಹೆಚ್ಚಾಗಿ ಸ್ಟುಡಿಯೋದ ಒಳಗೆ ವೀಡಿಯೋ ಕ್ಯಾಮೆರಾದಲ್ಲಿ ತೆಗೆದದ್ದು. ಇಂದಿನ ಕಣ್ಣಿಗೆ ಗೋಡೆಗಳು ನಾಟಕದ ಪರದೆಯಂತೆ ಕಾಣಬಹುದು. ಕಾದಂಬರಿಯ ರೋಚೆಸ್ಟರ್ ರೂಪವಂತನಲ್ಲ, ಡಾಲ್ಟನ್ ಮಾತ್ರ ಎದ್ದು ಕಾಣುವ ಚೆಲುವ. ಅವರು "ನಾನು ಸುಂದರನೇ?" ಎಂಬರ್ಥದಲ್ಲಿ ಕೇಳಿದಾಗ ಜೇನ್ "ಇಲ್ಲ" ಎನ್ನುವುದನ್ನು ಕಂಡು ಅಭಿಮಾನಿಗಳೂ ನಗುತ್ತಾರೆ.

ಹಾಗಾದರೆ ಮೆಚ್ಚುವುದೇನನ್ನು? ಮಾತನ್ನು. ಎರಡು ಗಂಟೆಯ ಸಿನಿಮಾದಲ್ಲಿ ಕಥೆಯ ಘಟನೆಗಳು ಹಿಡಿಸುತ್ತವೆ, ಮಾತು ಹಿಡಿಸುವುದಿಲ್ಲ. ಹನ್ನೊಂದು ಅರ್ಧ ಗಂಟೆಗಳ ಈ ಧಾರಾವಾಹಿಯಲ್ಲಿ ಒಲೆಯ ಮುಂದೆ ಕುಳಿತು ಜೇನ್ ಮತ್ತು ರೋಚೆಸ್ಟರ್ ನಡೆಸುವ ಸಂಭಾಷಣೆಗೆ ಪೂರ್ತಿ ಜಾಗ ಸಿಕ್ಕಿದೆ. ಉಳಿದವರು ಸಾಮಾನ್ಯವಾಗಿ ಕೈಬಿಡುವ ಪ್ರಸಂಗ, ರೋಚೆಸ್ಟರ್ ಕಣಿ ಹೇಳುವ ಮುದುಕಿಯ ವೇಷ ಹಾಕಿ ಜೇನಳ ಮನಸ್ಸು ತಿಳಿಯಲು ನೋಡುವುದು, ಅದೂ ಇಲ್ಲಿದೆ. ಯಜಮಾನ ಪ್ರಶ್ನೆ ಎಸೆಯುತ್ತಾನೆ. ಮೂವತ್ತು ಪೌಂಡಿನ ಸಂಬಳದ ಹುಡುಗಿ ತಲೆತಗ್ಗಿಸದೆ, ದನಿ ಏರಿಸದೆ ಉತ್ತರ ಕೊಡುತ್ತಾಳೆ. ಪ್ರೀತಿ ಹುಟ್ಟುವುದು ಈ ಉತ್ತರಗಳಲ್ಲಿ. ಅದನ್ನು ಕಣ್ಣೆದುರೇ ಕಾಣುವಷ್ಟು ಸಮಯ ಧಾರಾವಾಹಿ ನಮಗೆ ಕೊಡುತ್ತದೆ.

ಇನ್ನೊಂದು ಕಾರಣ ಮದುವೆ ಮುರಿದ ನಂತರದ ದೃಶ್ಯ. ರೋಚೆಸ್ಟರ್ ಬೇಡುತ್ತಾನೆ, ಅಳುತ್ತಾನೆ, ಬೆದರಿಸುತ್ತಾನೆ. ಹೇಗಿದ್ದರೂ ನಿನ್ನನ್ನು ಕೇಳುವವರು ಯಾರಿದ್ದಾರೆ ಎಂಬ ವಾದ ಹೂಡುತ್ತಾನೆ. ಕೇಳುವವರು ಯಾರೂ ಇಲ್ಲದ್ದರಿಂದಲೇ ನನ್ನ ಗೌರವವನ್ನು ನಾನೇ ಕಾಯಬೇಕು ಎಂಬುದು ಜೇನಳ ನಿಲುವು. ಅಷ್ಟು ಪ್ರೀತಿಸುವವನನ್ನು ಬಿಟ್ಟು, ಕೈಯಲ್ಲಿ ಹೆಚ್ಚು ಹಣವಿಲ್ಲದೆ ಬೆಳಗಿನ ಜಾವ ಮನೆ ಬಿಡುತ್ತಾಳೆ. ಪ್ರೇಮಕಥೆಯಲ್ಲಿ ನಾಯಕಿ 'ಒಲ್ಲೆ' ಎನ್ನುವ ಗಳಿಗೆಯೇ ಎಲ್ಲಕ್ಕಿಂತ ಎತ್ತರದ್ದಾಗಿದೆ. ಮುಂದೆ ಅವಳಿಗೆ 20,000 ಪೌಂಡಿನ ಆಸ್ತಿ ಬರುತ್ತದೆ. ಅದನ್ನು ನಾಲ್ಕು ಪಾಲು ಮಾಡಿ ಹಂಚಿಕೊಂಡು, ಸ್ವತಂತ್ರಳಾಗಿ, ತಾನಾಗಿಯೇ ಹಿಂತಿರುಗುತ್ತಾಳೆ. ಅಷ್ಟರಲ್ಲಿ ಬಂಗಲೆ ಸುಟ್ಟು ಬೂದಿ, ಹುಚ್ಚು ಹೆಂಡತಿ ಬೆಂಕಿಯಲ್ಲಿ ತೀರಿದ್ದಾಳೆ, ರೋಚೆಸ್ಟರ್ ಕುರುಡನಾಗಿದ್ದಾನೆ.

ಕನ್ನಡಕ್ಕೂ ಬಂದಿದ್ದಳು ಜೇನ್

ಈ ಧಾರಾವಾಹಿಗೆ 15 ವರ್ಷ ಮೊದಲೇ ಜೇನ್ ಕನ್ನಡ ಮಾತಾಡಿದ್ದಳು. 1968ರ 'ಬೇಡಿ ಬಂದವಳು' ಚಿತ್ರ ಇದೇ ಕಥೆಯ ಎಳೆ ಹಿಡಿದದ್ದು. ಕಲ್ಯಾಣ್ ಕುಮಾರ್ ಮತ್ತು ಚಂದ್ರಕಲಾ ಜೋಡಿ, ಆರ್. ಸುದರ್ಶನಂ ಸಂಗೀತ. ನೀರಿನ ಅಲೆಗಳ ಮೇಲಿನ ಅದರ ಯುಗಳಗೀತೆ ಇಂದಿಗೂ ನಮ್ಮ ಸಂಘಗಳ ಹಳೆಯ ಹಾಡುಗಳ ಸಂಜೆಯಲ್ಲಿ ಕೇಳಿಬರುತ್ತದೆ. ಅದರ ಬೇರು ಯಾರ್ಕ್‌ಷೈರಿನ ಒಂದು ಕಾದಂಬರಿಯಲ್ಲಿದೆ ಎಂದು ಹಾಡುವವರಲ್ಲಿ ಎಷ್ಟು ಮಂದಿಗೆ ಗೊತ್ತೋ! ಹಿಂದಿಯಲ್ಲಿ ಇದಕ್ಕೂ ಮೊದಲು 1952ರಲ್ಲಿ ದಿಲೀಪ್ ಕುಮಾರ್, ಮಧುಬಾಲಾ ಅವರ 'ಸಂಗ್‌ದಿಲ್' ಬಂದಿತ್ತು. ತಮಿಳಿನಲ್ಲಿ 1969ರಲ್ಲಿ 'ಶಾಂತಿ ನಿಲಯಂ' ಬಂತು.

ಕಲ್ಯಾಣ್ ಕುಮಾರ್ ಹೆಸರು ಬಂದಾಗ ಇನ್ನೊಂದು ಚಿತ್ರ ನೆನಪಾಗಲೇಬೇಕು: ಪುಟ್ಟಣ್ಣ ಕಣಗಾಲರ 'ಬೆಳ್ಳಿಮೋಡ' (1967). ತ್ರಿವೇಣಿಯವರ ಕಾದಂಬರಿ, ನಾಯಕಿ ಕಲ್ಪನಾ. ಎಸ್ಟೇಟಿನ ಒಬ್ಬಳೇ ವಾರಸುದಾರಳೆಂದು ಇಂದಿರೆಯನ್ನು ಮದುವೆಯಾಗಲು ಒಪ್ಪಿದ ಹುಡುಗ, ಅವಳಿಗೆ ತಮ್ಮ ಹುಟ್ಟಿದೊಡನೆ ಹಿಂದೆ ಸರಿಯುತ್ತಾನೆ. ಮುಂದೆ ಅವನು ಕಾಲು ಮುರಿದುಕೊಂಡು ಬಿದ್ದಾಗ ಅವಳೇ ಆರೈಕೆ ಮಾಡುತ್ತಾಳೆ. ಪಶ್ಚಾತ್ತಾಪಪಟ್ಟು ಕೈ ಚಾಚಿದರೆ ಅವಳು 'ಒಲ್ಲೆ' ಎನ್ನುತ್ತಾಳೆ. ಜೇನ್ ಹಿಂತಿರುಗುತ್ತಾಳೆ, ಇಂದಿರೆ ಹಿಂತಿರುಗುವುದಿಲ್ಲ. ಸ್ವಾಭಿಮಾನದ ಹುಡುಗಿಯನ್ನು ಮೆಚ್ಚಲು ನೀವು ಇಂಗ್ಲೆಂಡಿನವರೆಗೆ ಹೋಗಿದ್ದೀರಿ; ಅಷ್ಟೇ ಗಟ್ಟಿಯಾದವಳು ನಿಮ್ಮ ಅಮ್ಮನ ಭಾಷೆಯಲ್ಲೂ ಇದ್ದಾಳೆ.

ಬೀಗದ ಹಿಂದೆ ಇದ್ದವಳು

ಈಗ ಮುಖ್ಯ ಮಾತಿಗೆ ಬರೋಣ. ಜೇನಳನ್ನು ಮೆಚ್ಚುವ ಸಂಭ್ರಮದಲ್ಲಿ ನಾವು ಬರ್ತಾಳನ್ನು ಮರೆಯುತ್ತೇವೆ. ಜಮೈಕಾ ದ್ವೀಪದಿಂದ ಮದುವೆಯಾಗಿ ಬಂದು, ಚಳಿಯ ದೇಶದ ಮಹಡಿಯಲ್ಲಿ ವರ್ಷಗಟ್ಟಲೆ ಬೀಗದ ಒಳಗಿದ್ದವಳು ಆಕೆ. ಕಾದಂಬರಿ ಅವಳಿಗೆ ನಗು ಕೊಟ್ಟಿತು, ಬೆಂಕಿ ಕೊಟ್ಟಿತು, ಮಾತು ಕೊಡಲಿಲ್ಲ. ಸಂಭಾಷಣೆಗೇ ಹೆಸರಾದ ಧಾರಾವಾಹಿಯೂ ಮೂಲಕ್ಕೆ ನಿಷ್ಠೆಯಿಂದ ಅವಳನ್ನು ಮೌನವಾಗಿಯೇ ಇಟ್ಟಿತು. ವೆಸ್ಟ್ ಇಂಡೀಸಿನ ಡೊಮಿನಿಕಾ ದ್ವೀಪದಲ್ಲಿ ಹುಟ್ಟಿದ ಜೀನ್ ರೀಸ್ 1966ರಲ್ಲಿ 'ವೈಡ್ ಸಾರ್ಗ್ಯಾಸೋ ಸೀ' ಎಂಬ ಕಾದಂಬರಿ ಬರೆದು ಅವಳ ಕಡೆಯ ಕಥೆ ಹೇಳಿದರು.

ಆದರೆ ಅದಕ್ಕೂ ಮೊದಲೇ ಮೈಸೂರಿನಲ್ಲಿ ಒಬ್ಬಾಕೆ ಇಂಥ ಬೀಗವೊಂದನ್ನು ತೆಗೆದಿದ್ದರು. ತ್ರಿವೇಣಿ, ಅಂದರೆ ಅನಸೂಯಾ ಶಂಕರ್ (1928-1963), ಮನಶ್ಶಾಸ್ತ್ರ ಓದಿದವರು. ಸುಮಾರು 20 ಕಾದಂಬರಿಗಳನ್ನು ಬರೆದು, 35 ತುಂಬುವ ಮೊದಲೇ ತೀರಿಕೊಂಡವರು. ಅವರ 'ಶರಪಂಜರ' ಬ್ರಾಂಟೆಗೆ ಕೊಟ್ಟ ಉತ್ತರವೇನೂ ಅಲ್ಲ. ನಮ್ಮ ನಡುವಿನದೇ ಕಥೆ. ಸುಖಸಂಸಾರದ ಕಾವೇರಿಗೆ ಎರಡನೆಯ ಬಾಣಂತಿತನದಲ್ಲಿ ಬುದ್ಧಿಭ್ರಮಣೆಯಾಗುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಿ ಗುಣವಾಗುತ್ತದೆ. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮನೆಗೆ ಬಂದವಳನ್ನು ಗಂಡ ಗಂಡನಂತೆ ಕಾಣುವುದಿಲ್ಲ. ಕೆಲಸದವರಿಂದ ಹಿಡಿದು ನೆರೆಹೊರೆಯವರೆಗೆ ಎಲ್ಲರ ಕಣ್ಣಲ್ಲೂ ಅನುಮಾನ. ಅವಳು ನಕ್ಕರೂ ಹುಚ್ಚು, ಸಿಟ್ಟಾದರೂ ಹುಚ್ಚು. ರೋಗ ಅವಳನ್ನು ಬಿಟ್ಟಿತ್ತು, ಜನ ಬಿಡಲಿಲ್ಲ. ಕೊನೆಗೆ ಜನರೇ ಅವಳನ್ನು ಮತ್ತೆ ಆಸ್ಪತ್ರೆಗೆ ತಳ್ಳುತ್ತಾರೆ. ಎಪ್ಪತ್ತರ ದಶಕದ ಆರಂಭದಲ್ಲಿ ಪುಟ್ಟಣ್ಣ ಇದನ್ನು ಚಿತ್ರ ಮಾಡಿದರು, ಕಲ್ಪನಾ ಕಾವೇರಿಯಾದರು. ಅದನ್ನು ಒಮ್ಮೆ ನೋಡಿದ ಮೇಲೆ ಥಾರ್ನ್‌ಫೀಲ್ಡಿನ ಮಹಡಿಯ ನಗು ನಿಮಗೆ ಬರೀ ಭಯದ ಸಂಗತಿಯಾಗಿ ಕೇಳಿಸದು.

ಇದು ಕಥೆಯ ಮಾತಷ್ಟೇ ಅಲ್ಲ. ನಮ್ಮ ಥಾಣೆಯಲ್ಲಿ 1901ರಿಂದ ಮಾನಸಿಕ ಆಸ್ಪತ್ರೆ ಇದೆ. "ಇವನನ್ನು ಥಾಣೆಗೆ ಕಳಿಸಬೇಕು" ಎಂದು ಮುಂಬಯಿಯಲ್ಲಿ ಗೇಲಿ ಮಾಡುವುದನ್ನು ನೀವೂ ಕೇಳಿರುತ್ತೀರಿ. ಬೆಂಗಳೂರಿನವರು ಇದೇ ಗೇಲಿಗೆ ನಿಮ್ಹಾನ್ಸ್ ಹೆಸರು ಬಳಸುತ್ತಾರೆ. ಡೊಂಬಿವಲಿಯ ಒಂದು ಬೆಡ್‌ರೂಮಿನ ಫ್ಲ್ಯಾಟಿಗೆ ಮಹಡಿ ಇಲ್ಲ, ನಿಜ. ಆದರೂ ನೆಂಟರು ಬಂದಾಗ ಒಳಕೋಣೆಯ ಬಾಗಿಲು ಮುಂದೆ ಮಾಡುವ ಮನೆಗಳಿವೆ. "ಅವಳಿಗೆ ಹುಷಾರಿಲ್ಲ" ಎಂದು ಮಾತು ಮುಗಿಸುವ ಮನೆಗಳಿವೆ. ಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಡಾಕ್ಟರ ಬಳಿಗೆ ಹೋಗದ ಮನೆಗಳಿವೆ. ಕಾನೂನು ಎಷ್ಟೋ ಮುಂದೆ ಬಂದಿದೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಚಿಕಿತ್ಸೆಯನ್ನು ಹಕ್ಕು ಎಂದಿದೆ, ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. 2022ರಲ್ಲಿ ಸರಕಾರ ಆರಂಭಿಸಿದ 'ಟೆಲಿ ಮಾನಸ್' ಸೇವೆಗೆ 14416ಕ್ಕೆ ಕರೆ ಮಾಡಿದರೆ ಬೇರೆ ಬೇರೆ ಭಾರತೀಯ ಭಾಷೆಗಳಲ್ಲಿ ಮಾತಾಡಬಹುದು. ಆದರೆ ಬಾಗಿಲನ್ನು ತೆಗೆಯಬೇಕಾದವರು ಮನೆಯವರೇ. ಈ ವಿಷಯವನ್ನು ಹಿರಿಯರಿಗಿಂತ ಸಂಕೋಚವಿಲ್ಲದೆ ಮಾತಾಡಬಲ್ಲವರು ನೀವು.

ಆದ್ದರಿಂದ ಮಿತ್ರರೇ, ಜೇನ್ ಏರ್ ಧಾರಾವಾಹಿಯನ್ನು ಖಂಡಿತ ನೋಡಿ. ಗಾಡಿಯಲ್ಲಿ ನಿಂತು ಮೊಬೈಲಿನಲ್ಲಿ ನೋಡಿದರೂ ಅಡ್ಡಿಯಿಲ್ಲ, ಒಂದು ಕಂತು ಅರ್ಧ ಗಂಟೆ. ಡೊಂಬಿವಲಿಯಲ್ಲಿ ಹತ್ತಿದರೆ ಘಾಟ್‌ಕೋಪರ್ ದಾಟುವುದರೊಳಗೆ ಮುಗಿಯುತ್ತದೆ. ಆಮೇಲೆ ಒಂದು ಭಾನುವಾರ ಅಮ್ಮನನ್ನೋ ದೊಡ್ಡಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೊಂಡು 'ಬೆಳ್ಳಿಮೋಡ', 'ಶರಪಂಜರ' ನೋಡಿ. ಅರ್ಥವಾಗದ ಮಾತು ಬಂದಾಗ ನಿಲ್ಲಿಸಿ ಕೇಳಿ. ಕನ್ನಡ ಓದಲು ಬರುವವರು ತ್ರಿವೇಣಿಯವರ ಪುಸ್ತಕ ಹಿಡಿಯಿರಿ. ಅವರ ಕನ್ನಡ ತಿಳಿ, ಕಷ್ಟದ್ದಲ್ಲ. ಓದಲು ಬಾರದವರು ಮನೆಯ ಹಿರಿಯರಿಂದ ದಿನಕ್ಕೆ ನಾಲ್ಕು ಪುಟ ಓದಿಸಿ ಕೇಳಿ. ಕಾವೇರಿಯ ಬಗ್ಗೆ ಮಾತಾಡುತ್ತಾ ಅವರು ಊರಿನ ಯಾವಳೋ ಚಿಕ್ಕಮ್ಮನ ಹೆಸರು ಎತ್ತಿ, ಅರ್ಧದಲ್ಲೇ ಸುಮ್ಮನಾದರೆ ನೀವು ಸುಮ್ಮನಾಗಬೇಡಿ. "ಆಮೇಲೆ ಏನಾಯಿತು?" ಎಂದು ಕೇಳಿ, ಕನ್ನಡದಲ್ಲೇ ಕೇಳಿ.