ನಮ್ಮ ಹರಳಿನ ಗುರುತು

ಮೂಗುಬೊಟ್ಟಿನ ವಜ್ರ ಅಲ್ಲಾಡ್ತಾ ಇದೆ. ಅಕ್ಕಸಾಲಿಗರಿಗೆ ಕೊಡ್ತೇವೆ. ತಿರುಗಿ ಬಂದದ್ದು ನಮ್ಮ ಹರಳೇನಾ? ತಿಳಿಯೋದು ಹೇಗೆ?

ಕೊಡುವ ಮೊದಲೇ ಭೂತಗನ್ನಡಿಯಲ್ಲಿ ನೋಡೋಣ. ಹೆಚ್ಚಿನ ವಜ್ರಗಳ ಒಳಗೆ ಸಣ್ಣ ಚುಕ್ಕೆ, ಗೆರೆ ಇರುತ್ತವೆ. ಒಂದರಲ್ಲಿ ಇದ್ದಂತೆ ಇನ್ನೊಂದರಲ್ಲಿ ಇರೋದಿಲ್ಲ. ಅಂಚಿನ ಗುರುತನ್ನು ಚಿನ್ನದ ಕಟ್ಟು ಮುಚ್ಚಬಹುದು. ನಡುವಿನ ಗುರುತು ನೋಡಿ, ಚಿತ್ರ ಬರೆದು ಇಟ್ಟುಕೊಳ್ಳೋಣ.

ವಜ್ರದ ತೂಕ ಕ್ಯಾರೆಟ್ ಲೆಕ್ಕ. 5 ಕ್ಯಾರೆಟ್ ಅಂದ್ರೆ 1 ಗ್ರಾಂ. ಕೂರಿಸಿದ ಮೇಲೆ ಹರಳನ್ನಷ್ಟೇ ತೂಗಲು ಆಗದು. ಬಿಚ್ಚಿದಾಗಲೇ ನಮ್ಮೆದುರು ತೂಗಿಸೋಣ.

ಎಷ್ಟು ಹರಳು, ಎಷ್ಟು ತೂಕ, ಯಾವ ತಾರೀಖು? ಎಲ್ಲವನ್ನೂ ಚೀಟಿಯಲ್ಲಿ ಬರೆಸೋಣ. ಸಹಿ ಹಾಕಿಸೋಣ. ಕೇಳೋಕೆ ನಾಚಿಕೆ ಯಾಕೆ? ಅದು ಅವ್ವ ಕೊಟ್ಟ ಒಡವೆ. ಈಗ ನಮಗೆ ಓದು ಬರುತ್ತದೆ. ಚೀಟಿ ಓದಿಯೇ ಒಡವೆ ಕೊಡೋಣ.