ಬರೆಯದೇ ಬಿಟ್ಟ ಸ್ವರಗಳು

2025ರ ಜೂನ್ ಮೊದಲ ವಾರ. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ನನ್ನ ಎಂ.ಎಸ್ಸಿ. ಎರಡನೇ ಸೆಮಿಸ್ಟರ್ ಮುಗಿಯುತ್ತಾ ಬಂದಿತ್ತು. ಆಲ್ಪ್ಸ್ ಪರ್ವತಗಳ ಬುಡದಲ್ಲಿರುವ ಚೆಂದದ ಊರದು. ಆದರೆ ಚೆಂದ ನೋಡುವ ಮನಸ್ಸು ನನಗಿರಲಿಲ್ಲ. ಇಂಟರ್ನ್‌ಶಿಪ್‌ಗಾಗಿ ಕೊಟ್ಟ ಆರನೇ ಸಂದರ್ಶನದ ಫಲಿತಾಂಶವೂ ಅದೇ: ‘ಕ್ಷಮಿಸಿ, ಈ ಬಾರಿ ಆಗಲಿಲ್ಲ.’

ತಯಾರಿಯಲ್ಲಿ ಕೊರತೆ ಇರಲಿಲ್ಲ. ಕೇಳಬಹುದಾದ ನಲವತ್ತು ಪ್ರಶ್ನೆ, ಅವಕ್ಕೆ ನಲವತ್ತು ಉತ್ತರ ಬರೆದು ಉರು ಹೊಡೆದಿದ್ದೆ. ಅವರು ಕೇಳಿದ್ದು ನಲವತ್ತೊಂದನೆಯದು! ತಡವರಿಸಿ, ಹದಿನೇಳನೇ ಉತ್ತರವನ್ನೇ ಒಪ್ಪಿಸಿ ಬಂದಿದ್ದೆ.

ಆ ವಾರಾಂತ್ಯ ಮನೆ ಓನರ್ ಅಜ್ಜಿ ಬಾಗಿಲು ತಟ್ಟಿದರು. ತಂಗಿಗೆ ಹುಷಾರಿಲ್ಲ, ಒಂದು ಟಿಕೆಟ್ ಉಳಿದಿದೆ, ಒಪೆರಾಕ್ಕೆ ಬರ್ತೀರಾ ಅಂತ ಕೇಳಿದರು. ಆ ಟಿಕೆಟ್ಟಿನ ಬೆಲೆಯಲ್ಲಿ ನನ್ನ ಎಷ್ಟೋ ದಿನದ ಊಟ ಆಗುತ್ತಿತ್ತು. ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಈಸ್ಟರ್ ಆಗಿ ಏಳು ವಾರಕ್ಕೆ ಅಲ್ಲಿ ಪೆಂಟೆಕೋಸ್ಟ್ ಹಬ್ಬ. ಸೋಮವಾರವೂ ರಜೆ. ಆ ವಾರಾಂತ್ಯದ ಸಂಗೀತೋತ್ಸವವನ್ನು 1973ರಲ್ಲಿ ಶುರು ಮಾಡಿದ್ದು ಇದೇ ಊರಲ್ಲಿ ಹುಟ್ಟಿದ ಸಂಗೀತ ನಿರ್ದೇಶಕ ಹರ್ಬರ್ಟ್ ಫಾನ್ ಕಾರಾಯಾನ್. 1998ರಿಂದ ಅದು ಬರೋಕ್ ಸಂಗೀತದ ಕಡೆ, ಅಂದರೆ ಸುಮಾರು 1600ರಿಂದ 1750ರವರೆಗಿನ ಯುರೋಪಿನ ಸಂಗೀತದ ಕಡೆ ವಾಲಿತು. 2012ರಿಂದ ಇಟಲಿಯ ಗಾಯಕಿ ಚೆಚೀಲಿಯಾ ಬಾರ್ತೊಲಿ ಅದರ ಸಾರಥಿ.

ಅಂದು ಇದ್ದದ್ದು ‘ಹೋಟೆಲ್ ಮೆಟಮಾರ್ಫಸಿಸ್’. ವಿವಾಲ್ಡಿಯ ಬೇರೆ ಬೇರೆ ಕೃತಿಗಳ ಹಾಡುಗಳನ್ನು ಆಯ್ದು, ರೋಮನ್ ಕವಿ ಓವಿಡ್‌ನ ಕಥೆಗಳಿಗೆ ಹೊಂದಿಸಿದ ಹೊಸ ಒಪೆರಾ. ವಿವಾಲ್ಡಿ 1741ರಲ್ಲಿ ವಿಯೆನ್ನಾದಲ್ಲಿ ಬಡತನದಲ್ಲೇ ತೀರಿಕೊಂಡವನು. ಅವನ ಹಸ್ತಪ್ರತಿಗಳ ದೊಡ್ಡ ಗಂಟು ಇಟಲಿಯಲ್ಲಿ ಮತ್ತೆ ಬೆಳಕು ಕಂಡಿದ್ದು 1926ರಲ್ಲಿ. ಆರು ನಿರಾಕರಣೆಗೇ ಕುಗ್ಗಿದ್ದ ನನಗೆ ಇದನ್ನು ಕೇಳಿ ಸ್ವಲ್ಪ ನಾಚಿಕೆಯಾಯಿತು.

ನಾನು ಪಿಯುಸಿವರೆಗೆ ಮೈಸೂರಿನಲ್ಲಿ ಪಿಟೀಲು ಕಲಿತವನು. ಹಾಗಾಗಿ ಕಣ್ಣು ವೇದಿಕೆಗಿಂತ ವಾದ್ಯದವರ ಮೇಲೇ ಇತ್ತು. ಬರೋಕ್ ಪಿಟೀಲಿಗೆ ಪ್ರಾಣಿಯ ಕರುಳಿನಿಂದ ಮಾಡಿದ ತಂತಿ, ಗದ್ದ ಊರುವ ಪಟ್ಟಿ ಇಲ್ಲ. ಶ್ರುತಿಯೂ ಸಾಮಾನ್ಯವಾಗಿ ಇಂದಿನದಕ್ಕಿಂತ ಅರ್ಧ ಸ್ವರ ಕೆಳಗೆ. ನಾದ ಮೃದು, ತುಸು ಒರಟು, ಮನುಷ್ಯರ ದನಿಗೆ ಹತ್ತಿರ.

ಹಾರ್ಪ್ಸಿಕಾರ್ಡ್ ನುಡಿಸುವವರ ಬೆರಳುಗಳು ಮಾತ್ರ ಬಿಡುವಿಲ್ಲದೆ ಓಡುತ್ತಿದ್ದವು. ಇಷ್ಟೆಲ್ಲ ಬರೆದಿರುತ್ತಾರಾ ಅಂತ ವಿರಾಮದಲ್ಲಿ ಅಜ್ಜಿಯನ್ನು ಕೇಳಿದೆ. ಅವರು ಹಿಂದೆ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು. ನಕ್ಕು ಹೇಳಿದರು: ‘ಬರೆದಿರೋದು ಕೆಳಗಿನ ಸ್ವರದ ಸಾಲು ಮಾತ್ರ. ಅದರ ಜೊತೆಗೆ ಕೆಲವು ಅಂಕಿ. ಉಳಿದದ್ದನ್ನು ಗಾಯಕರನ್ನು ಕೇಳಿಸಿಕೊಳ್ಳುತ್ತಾ ಅವರೇ ತುಂಬಬೇಕು.’

ಹಾಡುಗಳೂ ಹಾಗೆಯೇ. ಮೊದಲ ಭಾಗ, ಎರಡನೇ ಭಾಗ, ಮತ್ತೆ ಮೊದಲ ಭಾಗ. ಆದರೆ ಮರಳಿ ಬಂದಾಗ ಅದನ್ನೇ ಹಾಗೇ ಹಾಡುವಂತಿಲ್ಲ. ನಮ್ಮ ಸಂಗತಿಗಳ ಹಾಗೆ ಗಾಯಕರು ಅಲಂಕರಿಸಬೇಕು. ಬಾರ್ತೊಲಿ ಹಾಗೆ ಮರಳಿ ಬಂದಾಗ ಸಭಾಂಗಣವೇ ಉಸಿರು ಬಿಗಿಹಿಡಿದಿತ್ತು.

ನನಗೆ ಪಿಟೀಲು ಮೇಷ್ಟ್ರು ನೆನಪಾದರು. ಕಲ್ಪನಾಸ್ವರವನ್ನೂ ನಾನು ಮೊದಲೇ ಬರೆದು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದೆ. ‘ಇದು ಕಲ್ಪನಾಸ್ವರ ಅಲ್ಲ ಮಗಾ, ಕಂಠಪಾಠದ ಸ್ವರ. ರಾಗ ಗೊತ್ತಿದ್ದರೆ ಹೆದರಿಕೆ ಯಾಕೆ?’ ಅನ್ನುತ್ತಿದ್ದರು. ಅಂದು ಬೈಗುಳ ಅನ್ನಿಸಿತ್ತು. ಎಂಟು ವರ್ಷದ ನಂತರ, ಏಳು ಸಾವಿರ ಕಿಲೋಮೀಟರಿನಾಚೆ, ಅರ್ಥವಾಯಿತು. ಸಂದರ್ಶನದಲ್ಲೂ ನಾನು ನುಡಿಸಿದ್ದು ಕಂಠಪಾಠದ ಸ್ವರವನ್ನೇ. ಎದುರಿನವರು ಏನು ಕೇಳುತ್ತಿದ್ದಾರೆ ಅನ್ನುವುದಕ್ಕೆ ಕಿವಿಯನ್ನೇ ಕೊಟ್ಟಿರಲಿಲ್ಲ.

ತಯಾರಿ ಬೇಡ ಅಂತಲ್ಲ. ಅಂಕಿ ನೋಡಿ ನುಡಿಸುವವರ ಹಿಂದೆ ವರ್ಷಗಳ ಸಾಧನೆ ಇರುತ್ತದೆ. ಆದರೆ ಸಾಧನೆ ಮಾಡಬೇಕಾದ್ದು ಉತ್ತರವನ್ನಲ್ಲ, ವಿಷಯವನ್ನು.

ಸೋಮವಾರ ರಜೆ, ಅಂಗಡಿಗಳೆಲ್ಲ ಬಂದ್. ಕೂತು ನಲವತ್ತು ಉತ್ತರಗಳ ಫೈಲನ್ನು ಡಿಲೀಟ್ ಮಾಡಿದೆ. ಒಂದೇ ಹಾಳೆಯಲ್ಲಿ ನಾನು ಮಾಡಿದ ಮೂರು ಪ್ರಾಜೆಕ್ಟ್, ಅವುಗಳಲ್ಲಿ ಎಡವಿದ ಜಾಗ, ಕಲಿತ ಅಂಶ ಇಷ್ಟನ್ನೇ ಬರೆದೆ. ಕೆಳಗಿನ ಸ್ವರದ ಸಾಲು ಮಾತ್ರ.

ಏಳನೇ ಸಂದರ್ಶನದಲ್ಲೂ ಗೊತ್ತಿಲ್ಲದ ಪ್ರಶ್ನೆ ಬಂತು. ಗೊತ್ತಿಲ್ಲ ಅಂತ ಒಪ್ಪಿಕೊಂಡು, ಹೇಗೆ ಹುಡುಕುತ್ತೇನೆ ಅಂತ ಜೋರಾಗಿಯೇ ಯೋಚಿಸಿದೆ. ಅವರು ಮಧ್ಯೆ ಮಾತಾಡಿದರು, ನಾನು ಅದನ್ನು ಹಿಡಿದು ಮುಂದುವರಿದೆ. ಆ ಕೆಲಸವೂ ಸಿಗಲಿಲ್ಲ. ಎಂಟನೆಯದು ಸಿಕ್ಕಿತು.

ಸುದ್ದಿ ತಿಳಿಸಲು ಮೇಷ್ಟ್ರಿಗೆ ಫೋನ್ ಮಾಡಿ ಒಪೆರಾದ ಕಥೆಯನ್ನೂ ಹೇಳಿದೆ. ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ: ‘ಸರಿ ಮಗಾ, ನಿನ್ನ ಪಿಟೀಲು ಎಲ್ಲಿದೆ?’

ಈ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ.